ಬೀಗಕ್ಕೂ ಆಯುಧಪೂಜೆ

ನಾವು ರಾಜಾಜಿನಗರಕ್ಕೆ ಬಂದ ಹೊಸದರಲ್ಲಿ ಒಬ್ಬ ಗಂಡಸಿಗೆ ಬುದ್ಧಿ ಎಷ್ಟಿದೆ ಎಂದು ತಿಳಿಯಲು ಅವನನ್ನು ಮಾತಾಡಿಸಬೇಕಾಗಿರಲಿಲ್ಲ. ಅವನು ತನ್ನ ಸೈಕಲ್ಲನ್ನು ಕಳ್ಳರಿಂದ ಹೇಗೆ ಕಾಪಾಡಿಕೊಳ್ಳುತ್ತಾನೆ ಎಂದು ನೋಡಿದರೆ ಸಾಕಾಗಿತ್ತು. ಅದು ಐವತ್ತರ ದಶಕ. ಬಡಾವಣೆ ಎಂದು ಹೆಸರು ಬಿದ್ದಿತ್ತೇ ಹೊರತು ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಇಲ್ಲೊಂದು ಮನೆ, ಅಲ್ಲೊಂದು ಮನೆ, ನಡುವೆ ಲಂಟಾನ ಪೊದೆ, ಕತ್ತಾಳೆ, ಯಾರೋ ತಳಪಾಯಕ್ಕೆಂದು ತೋಡಿ ಮರೆತ ಗುಂಡಿ. ಕಾಂಪೌಂಡ್ ಗೋಡೆ ಇದ್ದವರನ್ನು ನಾವು ಸಾಹುಕಾರರು ಎನ್ನುತ್ತಿದ್ದೆವು. ಉಳಿದವರ ಅಂಗಳಕ್ಕೂ ಬೀದಿಗೂ ವ್ಯತ್ಯಾಸ ಗೊತ್ತಾಗುತ್ತಿದ್ದದ್ದು ರಂಗೋಲಿಯಿಂದ ಮಾತ್ರ. ಕಳ್ಳ ರಂಗೋಲಿ ದಾಟಿ ಬಂದರೆ ಸೈಕಲ್ಲು ಅವನದು.

ಹೀಗಾಗಿ ಒಬ್ಬೊಬ್ಬರದು ಒಂದೊಂದು ಉಪಾಯ. ನಮ್ಮ ಪಕ್ಕದ ಮನೆಯವರು ಸೈಕಲ್ಲು ನಿಲ್ಲಿಸಿದ ಕೂಡಲೇ ಸೀಟು ಕಿತ್ತು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಸೀಟಿಲ್ಲದ ಸೈಕಲ್ಲನ್ನು ಯಾವನು ಕದ್ದಾನು ಎನ್ನುವುದು ಅವರ ವಾದ. ಸಿನಿಮಾಕ್ಕೆ, ಮದುವೆಗೆ, ಸಾವಿನ ಮನೆಗೆ, ಎಲ್ಲಿಗೆ ಹೋದರೂ ಸೀಟು ಜೊತೆಗೇ. ಒಂದು ಮದುವೆಯಲ್ಲಿ ಬಡಿಸುವವರು, ಪಾಪ, ಇವರು ಕೂರಲು ಮಣೆ ಮನೆಯಿಂದಲೇ ತಂದಿದ್ದಾರೆ ಎಂದುಕೊಂಡು ನೆಲದ ಮೇಲೆ ಕೂರಿಸಿಬಿಟ್ಟರು. ಅವರಾಚೆ ಮನೆಯ ಗುಮಾಸ್ತರು ಹೋದಲ್ಲೆಲ್ಲ ಎರಡೂ ಚಕ್ರದ ಗಾಳಿ ಬಿಡುತ್ತಿದ್ದರು, ಹೊರಡುವಾಗ ಪಂಪು ಒತ್ತಿಕೊಳ್ಳುತ್ತಿದ್ದರು. ಅವರು ಜೀವನದಲ್ಲಿ ತುಳಿದದ್ದಕ್ಕಿಂತ ಒತ್ತಿದ್ದೇ ಹೆಚ್ಚು. ಇನ್ನೊಬ್ಬರು ರಾತ್ರಿ ಹಗ್ಗದ ಒಂದು ತುದಿಯನ್ನು ಸೈಕಲ್ಲಿಗೂ ಇನ್ನೊಂದು ತುದಿಯನ್ನು ತಮ್ಮ ಕಾಲ ಹೆಬ್ಬೆರಳಿಗೂ ಕಟ್ಟಿಕೊಂಡು ಮಲಗುತ್ತಿದ್ದರು. ಅವರು ಮಗ್ಗುಲಾದಾಗಲೆಲ್ಲ ಸೈಕಲ್ಲು ದಢಾರನೆ ಬಿದ್ದು ಬೀದಿಗೆ ಬೀದಿಯೇ ಏಳುತ್ತಿತ್ತು. ಮತ್ತೊಬ್ಬ ಪುಣ್ಯಾತ್ಮರು ಹಿಂದಿನ ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ‘ಇದನ್ನು ಮುಟ್ಟಿದವನ ವಂಶ ನಿರ್ವಂಶ’ ಎಂದು ಬರೆಸಿದರು. ಕಳ್ಳರು ಮುಟ್ಟಲಿಲ್ಲ, ನಿಜ. ಆದರೆ ಪಂಕ್ಚರ್ ಹಾಕುವವನೂ ಮುಟ್ಟಲೊಲ್ಲ. ಕೊನೆಗೆ ಮಾರೋಣವೆಂದರೆ ಕೊಳ್ಳುವವರೂ ಬರಲಿಲ್ಲ. ಈಗ ನಗುತ್ತೇನೆ, ಆಗ ನಮ್ಮ ಮನೆಯ ಉಪಾಯವೂ ಇವುಗಳಿಗೆ ಏನೂ ಕಡಿಮೆ ಇರಲಿಲ್ಲ.

ನಮ್ಮ ಮನೆಯಲ್ಲಿ ಎರಡು ಸೈಕಲ್ಲು. ಒಂದು ನಮ್ಮ ಯಜಮಾನರದು, ಎಲ್ಲರ ಸೈಕಲ್ಲಿನಂತೆ ಕಪ್ಪಗೆ, ಎತ್ತರಕ್ಕೆ, ನಡುವೆ ಅಡ್ಡಕಂಬಿ ಇದ್ದದ್ದು. ಅವರು ಹತ್ತಿರದಲ್ಲೇ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಇನ್ನೊಂದು ನನ್ನದು. ಅದು ಹೆಂಗಸರ ಸೈಕಲ್ಲು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಇದ್ದ ಒಬ್ಬ ದೊರೆಸಾನಿ ತಮ್ಮ ದೇಶಕ್ಕೆ ಹೊರಟಾಗ ಮಾರಿ ಹೋದದ್ದನ್ನು ನಮ್ಮಪ್ಪ ನನಗೆ ಕೊಡಿಸಿದ್ದರು. ಹಸಿರು ಬಣ್ಣ. ಅಡ್ಡಕಂಬಿ ಇರಲಿಲ್ಲ. ಸೆರಗು ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರಕ್ಕೆ ಎರಡೂ ಕಡೆ ದಾರದ ಬಲೆ, ಮುಂದೆ ಬೆತ್ತದ ಬುಟ್ಟಿ. ಇಡೀ ಬಡಾವಣೆಯಲ್ಲಿ ಅಂಥದ್ದು ಅದೊಂದೇ. ನಾನು ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿಯ ಕಡೆ ಒಂದು ಪ್ರೈಮರಿ ಸ್ಕೂಲಿನಲ್ಲಿ ಮೇಡಂ ಆಗಿದ್ದೆ. ಆ ಕಡೆಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಅದೂ ಡ್ರೈವರಿಗೆ ಮನಸ್ಸು ಬಂದರೆ ನಿಲ್ಲುತ್ತಿತ್ತು. ಸೈಕಲ್ಲು ಇಲ್ಲದಿದ್ದರೆ ನನಗೆ ಆ ಕೆಲಸವಿಲ್ಲ.

ಇದು ನನಗಿಂತ ಚೆನ್ನಾಗಿ ಗೊತ್ತಿದ್ದವರು ನಮ್ಮ ಅತ್ತೆ. ಕೆಂಗೇರಿಯಾಚೆಯ ಹಳ್ಳಿಯವರು, ಒಕ್ಕಲುತನದ ಮನೆಯಲ್ಲಿ ಹುಟ್ಟಿ ಒಕ್ಕಲುತನದ ಮನೆಗೇ ಸೇರಿದವರು. ಮಾವನವರು ತೀರಿಕೊಂಡ ಮೇಲೆ ಮಗನ ಜೊತೆ ಇರಲು ಪೇಟೆಗೆ ಬಂದರು. ಹೊಲದಲ್ಲಿ ಗಂಡಸಿನ ಸಮ ದುಡಿದವರು ಪೇಟೆಗೆ ಬಂದ ಮೇಲೆ ‘ನಾಲ್ಕು ಜನ ಏನಂತಾರೆ’ ಎನ್ನುವುದನ್ನು ಕಲಿತುಬಿಟ್ಟಿದ್ದರು. ಆ ನಾಲ್ಕು ಜನ ಯಾರು ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ, ಅವರು ಹೇಳಲಿಲ್ಲ. ಸೊಸೆ ಸೆರಗು ಸಿಕ್ಕಿಸಿಕೊಂಡು ಟ್ರಿಣ್ ಟ್ರಿಣ್ ಎನ್ನುತ್ತ ಬೀದಿಯಲ್ಲಿ ಹೋಗುವುದನ್ನು ಕಂಡರೆ ಅವರು ಒಳಗೆ ಹೋಗಿ ನೀರು ಕುಡಿಯುತ್ತಿದ್ದರು. ಕೆಲಸ ಬಿಡು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಒಂದು ದಿನ ನನ್ನನ್ನೂ ಮಗನನ್ನೂ ಎದುರಿಗೆ ಕೂರಿಸಿಕೊಂಡು ಷರತ್ತು ಹಾಕಿದರು.

“ನೋಡವ್ವಾ, ಸೈಕಲ್ಲು ಇರೋಗಂಟ ಇಸ್ಕೂಲು. ಅದು ಮುರೀತು, ಕಳೀತು, ಇಲ್ಲಾ ನೀನು ಬಿದ್ದು ಕೈಕಾಲು ಮುರ್ಕೊಂಡೆ, ಅವತ್ತಿಗೆ ಮುಗೀತು. ಬಸ್ಸಲ್ಲಿ ಆ ಜನದ ಮಧ್ಯೆ ಜೋತಾಡ್ಕೊಂಡು ಹೋಗೋದು ಬ್ಯಾಡ. ನಡ್ಕೊಂಡು ಹೋಗಿ ಕತ್ತಲಾದ ಮ್ಯಾಲೆ ಬರೋದೂ ಬ್ಯಾಡ. ಒಪ್ಪಿಗೆನಾ?”

ನಾನು ಒಪ್ಪಿಕೊಂಡೆ. ಒಪ್ಪದಿದ್ದರೆ ಅವತ್ತಿಗೇ ಮುಗಿಯುತ್ತಿತ್ತು. ನನಗೆ ಆ ಕೆಲಸವೆಂದರೆ ಪ್ರಾಣ. ಅಲ್ಲಿ ಮಕ್ಕಳು ನನ್ನ ಬೆಲ್ಲಿನ ಸದ್ದು ಕೇಳಿದರೆ ಹುಣಸೇಮರದಿಂದ ಇಳಿದು ಓಡಿ ಬರುತ್ತಿದ್ದರು. ಮನೆಯಲ್ಲಿ ನಾನು ಯಾರದೋ ಸೊಸೆ, ಯಾರದೋ ಹೆಂಡತಿ. ಅಲ್ಲಿ ನಾನು ಮೇಡಂ. ಹೆಣ್ಣುಮಕ್ಕಳು ನನ್ನ ಹಾಗೆಯೇ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೋಲಿನ ಮೇಲೆ ಕೂತು ಸೈಕಲ್ಲಾಟ ಆಡುತ್ತಿದ್ದರು.

ಅತ್ತೆಯವರ ಒಂದು ಗುಣ ಹೇಳಬೇಕು. ಷರತ್ತು ಹಾಕಿದವರೇ ಮಾರನೆಯ ದಿನ ಊರಿಗೆ ಹೋಗಿ ಬೀಗವೊಂದನ್ನು ತಂದುಕೊಟ್ಟರು. ಅದು ಹಳೇ ಮನೆಯ ಕಣಜದ ಕೋಣೆಗೆ ಹಾಕುತ್ತಿದ್ದ ಕಬ್ಬಿಣದ ಬೀಗ. ಅಂಗೈ ಅಗಲ. ಬೀಗದ ಕೈ ಒಂದು ಗೇಣು. ಅದಕ್ಕೆ ಜೊತೆಯಾಗಿ ಬಾವಿಯ ಕೊಡದ ಸರಪಳಿ. ಯಾಕೆ ಅತ್ತೆಮ್ಮ ಇಷ್ಟು ದೊಡ್ಡದು ಎಂದರೆ, “ಮಾತು ಅಂದ್ರೆ ಮಾತು. ಸೈಕಲ್ಲು ಕಳೆದ್ರೆ ಬಿಡಿಸ್ತೀನಿ. ಹಂಗಂತ ಕಳೀಲಿ ಅಂತ ಕಾಯ್ಕೊಂಡು ಕೂರೋಳಲ್ಲ ನಾನು” ಎಂದರು. ಆ ಬೀಗ ಬುಟ್ಟಿಯಲ್ಲಿ ಕೂತರೆ ಮುಂದಿನ ಚಕ್ರ ಎಡಕ್ಕೆ ಎಳೆಯುತ್ತಿತ್ತು. ಟೋಲ್‌ಗೇಟಿನ ಹತ್ತಿರ ಹುಡುಗರು, “ಮೇಡಂ, ಜೈಲಿನ ಬೀಗ ತಗೊಂಡು ಎಲ್ಲಿಗೆ?” ಎಂದು ಕೂಗುತ್ತಿದ್ದರು. ಕೂಗಲಿ ಬಿಡಿ. ಬಡಾವಣೆಯಲ್ಲಿ ಎಷ್ಟೋ ಸೈಕಲ್ಲುಗಳು ಹೋದವು, ನನ್ನದು ಹೋಗಲಿಲ್ಲ.

ಅದು ಹೋದದ್ದು ಆಯುಧಪೂಜೆಯ ದಿನ.

ಆಯುಧಪೂಜೆ ಎಂದರೆ ಅತ್ತೆಯವರಿಗೆ ಯುಗಾದಿಗಿಂತ ದೊಡ್ಡ ಹಬ್ಬ. ಹಿಂದಿನ ದಿನವೇ ತರಕಾರಿ ಹೆಚ್ಚಿ ಮುಚ್ಚಿಟ್ಟಾಯಿತು, ಯಾಕೆಂದರೆ ಹಬ್ಬದ ದಿನ ಈಳಿಗೆಮಣೆ ಮುಟ್ಟುವ ಹಾಗಿಲ್ಲ. ವರ್ಷವೆಲ್ಲ ದುಡಿದ ಸಾಮಾನಿಗೆ ಅವತ್ತು ರಜ. ಬೆಳಗಾಗುವುದರೊಳಗೆ ಕುಡುಗೋಲು, ಕೊಡಲಿ, ಒನಕೆ, ಕತ್ತರಿ, ನಮ್ಮ ಯಜಮಾನರ ಸ್ಪ್ಯಾನರುಗಳು, ನನ್ನ ಪೆನ್ನು, ಒಂದು ತುಂಡು ಸೀಮೆಸುಣ್ಣ, ಎಲ್ಲವೂ ದೇವರ ಮುಂದೆ ಸಾಲಾಗಿ ಕೂತು ಕುಂಕುಮ ಹಚ್ಚಿಸಿಕೊಂಡವು. ಹೊರಗೆ ಎರಡು ಸೈಕಲ್ಲನ್ನೂ ತೊಳೆದು, ಎಣ್ಣೆ ಸವರಿ, ಹ್ಯಾಂಡಲಿನ ಎರಡು ಕಡೆಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದೆವು. ಎಲ್ಲ ಮುಗಿಯಿತು ಎನ್ನುವಾಗ ಅತ್ತೆ ನನ್ನ ಸೈಕಲ್ಲಿನ ಬೀಗ, ಸರಪಳಿ ಎರಡನ್ನೂ ಬಿಚ್ಚಿಕೊಂಡು ಹುಣಸೇಹಣ್ಣು ಹಾಕಿ ತಿಕ್ಕಲು ಕೂತರು.

“ಅದ್ಯಾಕೆ ಅತ್ತೆಮ್ಮ?” ಎಂದೆ.

“ಇದೂ ಆಯುಧಾನೇ ಕಣವ್ವ. ಕತ್ತಿ ಒಂದ್ ದಿನ ದುಡಿದ್ರೆ ಇದು ಹಗಲೂ ರಾತ್ರಿ ದುಡೀತದೆ. ನಮ್ಮ ಕಣಜ ಕಾಯ್ದಿರೋದು ಇದು. ವರ್ಸಕ್ಕೊಂದ್ ದಿನ ಮಲಗಲಿ ಬಿಡು ಪಾಪ.”

“ಅದು ಮಲಗಿದ್ರೆ ಸೈಕಲ್ ಯಾರು ಕಾಯ್ತಾರೆ?”

ಅತ್ತೆ ತಿಕ್ಕುವುದನ್ನು ನಿಲ್ಲಿಸಿ, ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೆ ಎನ್ನುವ ಹಾಗೆ ನನ್ನನ್ನು ನೋಡಿದರು. “ಕಳ್ಳನಿಗೂ ಇವತ್ತು ಆಯುಧಪೂಜೆ ಅಲ್ವೇನೇ? ಅವನ ಮನೇಲೂ ಅವನವ್ವ ಕನ್ನಗತ್ತಿ, ಕಳ್ಳಕೀಲಿ ಎಲ್ಲಾ ತೊಳೆದು ದೇವರ ಮುಂದೆ ಇಟ್ಟಿರ್ತಾಳೆ. ಇವತ್ತು ಅವನು ಕಸುಬಿಗೆ ಕೈ ಹಾಕಿದ್ರೆ ವರ್ಸ ಪೂರಾ ಏಳಿಗೆ ಆಗಲ್ಲ. ಅಷ್ಟು ಗೊತ್ತಿರಲ್ವಾ ಅವನಿಗೆ?”

ನಾನು ಯಜಮಾನರ ಕಡೆ ನೋಡಿದೆ. ಅವರು ಬಾಳೆಕಂದಿನ ಗಂಟು ಬಿಗಿಯಾಗಿದೆಯೇ ಎಂದು ಪರೀಕ್ಷಿಸುವುದರಲ್ಲಿ ಮುಳುಗಿದ್ದರು. “ಅವ್ವ ಹೇಳೋದ್ರಲ್ಲೂ ಒಂದು ಅರ್ಥ ಇದೆ ಕಣೇ” ಎಂದರು. ಅತ್ತೆ ಸೊಸೆಯ ನಡುವೆ ಅವರು ಹೇಳಿದ ಅತಿ ಧೈರ್ಯದ ಮಾತು ಯಾವಾಗಲೂ ಇಷ್ಟೇ. ಬೀಗ ಹೋಗಿ ಕೊಡಲಿಯ ಪಕ್ಕದಲ್ಲಿ ಕೂತಿತು. ಅತ್ತೆ ಅದರ ತೂತಿಗೆ ಒಂದು ದಾಸವಾಳ ಸಿಕ್ಕಿಸಿ, ಮಾರನೆಯ ದಿನ ವಿಜಯದಶಮಿಯ ಪೂಜೆ ಆಗುವ ತನಕ ಯಾರೂ ಮುಟ್ಟಬಾರದು ಎಂದರು.

ಪೂಜೆಯಾದ ಮೇಲೆ ಗಾಡಿ ಓಡಿದರೆ ದೋಷವಿಲ್ಲ, ಆದ್ದರಿಂದ ಯಜಮಾನರು ತಮ್ಮ ಸೈಕಲ್ಲಿನಲ್ಲಿ ಕಾರ್ಖಾನೆಯ ಪೂಜೆಗೆ ಹೋದರು. ನಾನೂ ಅತ್ತೆಯೂ ಒಳಗೆ ಊಟಕ್ಕೆ ಕೂತೆವು. ಹೋಳಿಗೆ ಚೆನ್ನಾಗಿ ಬಂದಿತ್ತು. ಎರಡನೆಯದಕ್ಕೆ ತುಪ್ಪ ಹಾಕಿಸಿಕೊಂಡದ್ದು ನೆನಪಿದೆ. ಕೈ ತೊಳೆಯಲು ಹೊರಗೆ ಬಂದೆ. ಅಂಗಳದಲ್ಲಿ ರಂಗೋಲಿ ಇತ್ತು. ಅದರ ಮೇಲೆ ಎರಡು ಜಜ್ಜಿದ ನಿಂಬೆಹಣ್ಣು ಇದ್ದವು. ಸೈಕಲ್ಲು ಇರಲಿಲ್ಲ.

ನನ್ನ ಕೂಗಿಗೆ ಮೊದಲು ಓಡಿ ಬಂದವರು ಪಕ್ಕದ ಮನೆಯವರ ಹೆಂಡತಿ, ಅಂದರೆ ಆ ಸೀಟಿನವರ ಮನೆಯಾಕೆ. ನಡೆದದ್ದನ್ನೆಲ್ಲ ಆಕೆ ಕಣ್ಣಾರೆ ನೋಡಿದ್ದರು. ಬರೀ ನೋಡಿದ್ದಲ್ಲ, ಸಹಾಯವನ್ನೂ ಮಾಡಿದ್ದರು. ಬಿಳೀ ಪಂಚೆ ಉಟ್ಟು ಹಣೆ ತುಂಬ ಕುಂಕುಮ ಇಟ್ಟುಕೊಂಡಿದ್ದ ಒಬ್ಬ ಬಂದನಂತೆ. ಚಪ್ಪಲಿ ರಂಗೋಲಿಯಾಚೆ ಬಿಟ್ಟನಂತೆ. ಸೈಕಲ್ಲಿಗೆ ಕೈ ಮುಗಿದನಂತೆ.

“ನಿಮ್ಮತ್ತೆ ಊರಿನ ಕಡೆಯೋರು ಯಾರೋ, ದೇವಸ್ಥಾನಕ್ಕೆ ತಗೊಂಡು ಹೋಗ್ತಿದಾರೆ ಅಂದ್ಕೊಂಡೆ ಕಣ್ರೀ. ಎಲ್ಲರೂ ಗಣಪತಿ ಗುಡಿಗೆ ತಗೊಂಡು ಹೋಗ್ತಾನೇ ಇದ್ರಲ್ಲ. ಆಮೇಲೆ ನೋಡ್ತೀನಿ, ಚಕ್ರದ ಕೆಳಗೆ ನಿಂಬೆಹಣ್ಣೇ ಇಟ್ಟಿಲ್ಲ. ಅಯ್ಯೋ, ಹಂಗೆ ಹೊರಡಬಾರದು ತಾಳಪ್ಪ ಅಂತ ನಾನೇ ಎರಡು ಹಣ್ಣು ತಂದಿಟ್ಟೆ. ಅವನು ಅದರ ಮೇಲೆ ಹತ್ತಿಸಿಕೊಂಡು ಹೋದ.”

“ಏನೂ ಮಾತಾಡ್ಲಿಲ್ವಾ?”

“ಬರ್ತೀನಿ ಅಕ್ಕ ಅಂದ.” ಆಕೆಯ ದನಿ ಇಳಿಯಿತು. “ನಾನು ಒಂದು ಪೊಟ್ಟಣ ಪುರಿ ಕಡಲೇನೂ ಕೊಟ್ಟೆ.”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು, “ದೃಷ್ಟಿ ತೆಗೆದು, ಪ್ರಸಾದ ಕೊಟ್ಟು ಕಳಿಸಿದ್ದೀಯಲ್ಲ ತಾಯಿ, ಇನ್ನು ಅವನಿಗೆ ದಾರೀಲಿ ಪಂಕ್ಚರೂ ಆಗಲ್ಲ” ಎಂದರು. ವರ್ಷದ ಬೇರೆ ಯಾವ ದಿನವಾದರೂ ಪಂಚೆಯುಟ್ಟ ಗಂಡಸೊಬ್ಬ ಹೆಂಗಸರ ಸೈಕಲ್ಲು ತಳ್ಳಿಕೊಂಡು ಹೋದರೆ ಬೀದಿಯಲ್ಲಿ ಹತ್ತು ಜನ ನಿಲ್ಲಿಸಿ ಕೇಳುತ್ತಿದ್ದರು. ಅವತ್ತು ಎಲ್ಲರೂ ದಾರಿ ಬಿಟ್ಟಿದ್ದರು.

ನಾವು ಹುಡುಕಲು ಹೊರಟೆವು. ಸೈಕಲ್ಲಿನಿಂದ ಉದುರಿದ ಚೆಂಡುಹೂವಿನ ಎಸಳು ಹಿಡಿದು ಹೋದರೆ ಕಳ್ಳ ಸಿಕ್ಕೇ ಸಿಗುತ್ತಾನೆ ಎಂದು ನನಗೆ ಹೊಳೆಯಿತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಆ ಮೆಚ್ಚುಗೆ ಬೀದಿಯ ತಿರುವಿನ ತನಕ ಇತ್ತು. ತಿರುವಿನಲ್ಲಿ ನೋಡಿದರೆ ರಸ್ತೆಯ ತುಂಬ ಎಸಳು, ಎಡಕ್ಕೂ ಎಸಳು, ಬಲಕ್ಕೂ ಎಸಳು. ಊರಿನ ಸೈಕಲ್ಲು, ಎತ್ತಿನ ಗಾಡಿ, ಜಟಕಾ ಎಲ್ಲವೂ ಹಾರ ಹಾಕಿಕೊಂಡು ಮೆರೆಯುತ್ತಿದ್ದವು. ಗುಡಿಯ ಮುಂದೆ ಸೈಕಲ್ಲುಗಳ ಸಾಲು. ಬಾಳೆ ಎಲೆ, ಹೂವಿನ ಮರೆಯಲ್ಲಿ ಯಾವುದು ಹಸಿರು, ಯಾವುದು ಕಪ್ಪು ಎಂದು ಗೊತ್ತಾಗುವ ಹಾಗಿರಲಿಲ್ಲ. ನಾನು ಬಗ್ಗಿ ಬಗ್ಗಿ, ಹಾರ ಸರಿಸಿ, ಅಡ್ಡಕಂಬಿ ಇದೆಯೇ ಎಂದು ನೋಡುತ್ತ ಹೋದೆ. ಒಬ್ಬರು ನಾನು ಅವರ ಸೈಕಲ್ಲಿಗೆ ನಮಸ್ಕಾರ ಮಾಡುತ್ತಿದ್ದೇನೆ ಎಂದು ತಿಳಿದು ನನಗೂ ಮಂಗಳಾರತಿ ಕೊಟ್ಟರು. ಇನ್ನೊಬ್ಬರು, “ಏನಮ್ಮಾ, ಹೂವು ಕದೀತಿದೀರಾ?” ಎಂದು ಗದರಿದರು. ಅಲ್ಲಿದ್ದ ಎಲ್ಲ ಸೈಕಲ್ಲಿಗೂ ಅಡ್ಡಕಂಬಿ ಇತ್ತು.

ಅಷ್ಟರಲ್ಲಿ ಕಾರ್ಖಾನೆಯಿಂದ ಬಂದ ಯಜಮಾನರು ನಮ್ಮನ್ನು ಪೊಲೀಸರ ಹೊರಠಾಣೆಗೆ ಕರೆದುಕೊಂಡು ಹೋದರು. ಅದು ಬಾಡಿಗೆ ಮನೆಯಲ್ಲಿತ್ತು. ಅಲ್ಲೂ ಬಾಗಿಲಿಗೆ ತೋರಣ. ಒಳಗೆ ಲಾಠಿಗಳನ್ನೆಲ್ಲ ಕಂತೆ ಕಟ್ಟಿ, ಹೂವು ಮುಡಿಸಿ, ಗೋಡೆಗೆ ಒರಗಿಸಿದ್ದರು. ಕೋಳಗಳಿಗೆ ವಿಭೂತಿ. ಮೇಜಿನ ಮೇಲೆ ದಪ್ಪ ಪುಸ್ತಕ, ಅದರ ಮೇಲೆ ಪೆನ್ನು, ಪೆನ್ನಿನ ಮೇಲೆ ಒಂದು ಸೇವಂತಿಗೆ. ದಫೇದಾರರು ನಮ್ಮ ಕಥೆಯನ್ನೆಲ್ಲ ತಲೆದೂಗಿ ಕೇಳಿದರು. ತುಂಬ ಒಳ್ಳೆಯ ಮನುಷ್ಯ.

“ಬರ್ಕೋಬೋದಿತ್ತಮ್ಮಾ. ಆದ್ರೆ ಪೆನ್ನು, ಪುಸ್ತಕ ಎಲ್ಲಾ ಪೂಜೆಗೆ ಕೂತಿವೆಯಲ್ಲ, ಹೆಂಗೆ ಮುಟ್ಲಿ? ನಾಳೆ ಬೆಳಿಗ್ಗೆ ಬಂದ್ಬಿಡಿ. ವಿಜಯದಶಮಿ ದಿವ್ಸ ಮೊದಲನೇ ಕಂಪ್ಲೇಂಟು ನಿಮ್ದೇ ಬರ್ಕೋತೀನಿ. ಒಳ್ಳೇ ದಿನ ಶುರು ಮಾಡಿದ ಕೆಲಸ ಕೈಗೂಡ್ತದೆ.”

“ಅಷ್ಟರಲ್ಲಿ ಕಳ್ಳ ಊರೇ ಬಿಟ್ಟಿರ್ತಾನಲ್ಲ ಸಾರ್” ಎಂದೆ ನಾನು.

“ಹೋಗಿ ಹಿಡಿಯೋಣ ಅಂದ್ರೆ ಲಾಠೀನೂ ಮುಟ್ಟೋ ಹಂಗಿಲ್ಲ ನೋಡಿ” ಎಂದು ಅವರು ನಿಜವಾದ ದುಃಖದಿಂದ ಹೇಳಿ, ನಮ್ಮ ಮೂವರಿಗೂ ಪುರಿ ಕಡಲೆ ಕೊಟ್ಟು ಕಳಿಸಿದರು. ಅವತ್ತು ಇಡೀ ಬಡಾವಣೆಯಲ್ಲಿ ರಜ ಹಾಕದೆ ದುಡಿದವನು ಆ ಕಳ್ಳನೊಬ್ಬನೇ.

ಹಿಂತಿರುಗುವಾಗ ನನ್ನ ತಾಳ್ಮೆ ಕೆಟ್ಟಿತು. ಬೀದಿಯಲ್ಲೇ ಅತ್ತೆಗೆ ಹೇಳಿದೆ, “ಕಳ್ಳನಿಗೂ ಆಯುಧಪೂಜೆ ಅಂದ್ರಲ್ಲ ಅತ್ತೆಮ್ಮ, ಈಗೇನಂತೀರಿ?” ಅವರು ಜಾರಿದ ಸೆರಗು ಸರಿಮಾಡಿಕೊಂಡರು. ಆಮೇಲೆ, “ಅವನು ಆಯುಧ ಎಲ್ಲಿ ಮುಟ್ಟಿದ? ಬೀಗಾನೇ ಇರಲಿಲ್ಲ, ಬರೀ ಕೈಲಿ ತಗೊಂಡೋದ. ಅವನು ನೇಮ ತಪ್ಪಲಿಲ್ಲ ಬಿಡು” ಎಂದರು. ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿದ ಹಾಗೆ ಮಾಡಿದರು. ನನಗೆ ಇಬ್ಬರ ಮೇಲೂ ಮೈ ಉರಿಯಿತು. ಮನೆಗೆ ಬಂದವಳೇ ಮೂಲೆ ಹಿಡಿದು ಕೂತು ಚೆನ್ನಾಗಿ ಅತ್ತುಬಿಟ್ಟೆ. ಬರೀ ಹಸಿರು ಸೈಕಲ್ಲಿಗಾಗಿ ಅಳು ಬಂದಿದ್ದರೆ ಒಂದಿಷ್ಟು ಹೊತ್ತಿಗೆ ನಿಲ್ಲುತ್ತಿತ್ತು. ದಸರಾ ರಜ ಮುಗಿದ ಮೇಲೆ ಮಕ್ಕಳು ಮರದ ಮೇಲಿಂದ ದಾರಿ ನೋಡುವುದು, ನಾನು ಹೋಗದಿರುವುದು, ಅದನ್ನು ನೆನೆದರೆ ಅಳು ಮತ್ತೆ ಬರುತ್ತಿತ್ತು.

ಅತ್ತೆ ಷರತ್ತಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಸಾರಿಗೆ ಉಪ್ಪು ಸಾಕೇ ಎನ್ನುವುದರ ಹೊರತು ಆ ಸಂಜೆ ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಬಡಾವಣೆ ಮಾತ್ರ ನಮ್ಮ ಕಥೆಯಿಂದ ಪಾಠ ಕಲಿಯಿತು. ಮುಂದಿನ ವರ್ಷದಿಂದ ಎಲ್ಲ ಮನೆಯಲ್ಲೂ ಬೀಗಕ್ಕೆ ಸೈಕಲ್ಲಿನ ಮೇಲೇ, ಹಾಕಿದ ಹಾಗೆಯೇ, ಕುಂಕುಮ ಇಡುವ ಪದ್ಧತಿ ಬಂತು. ಪಕ್ಕದ ಮನೆಯವರು ಸೀಟಿಗೂ ಮಡಿಲಲ್ಲಿ ಇಟ್ಟುಕೊಂಡೇ ಆರತಿ ಎತ್ತಿಸುತ್ತಿದ್ದರು. ಸೈಕಲ್ಲು ಕಳ್ಳತನ ತಡೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಹೇಳುವುದು ಇಷ್ಟೇ: ನಿಮಗೆ ದೇವರಲ್ಲಿ ಎಷ್ಟೇ ಭಕ್ತಿಯಿರಲಿ, ಬೀಗಕ್ಕೆ ರಜ ಕೊಡಬೇಡಿ. ಮತ್ತೆ ಯಾರಾದರೂ ನಿಮ್ಮ ಸೈಕಲ್ಲಿಗೆ ಕೈ ಮುಗಿದರೆ ಮೊದಲು ಹೋಗಿ ಹ್ಯಾಂಡಲ್ ಹಿಡಿದುಕೊಳ್ಳಿ.

ಮಾರನೆಯ ಬೆಳಿಗ್ಗೆ ವಿಜಯದಶಮಿ. ಯಜಮಾನರು ದಫೇದಾರರ ಮೊದಲನೇ ಕಂಪ್ಲೇಂಟಾಗಲು ಹೊರಡುತ್ತಿದ್ದರು. ಅತ್ತೆ ಅವರ ಸೈಕಲ್ಲಿಗೆ ಅಡ್ಡ ನಿಂತರು.

“ಇದನ್ನ ಇಲ್ಲೇ ಬಿಟ್ಟು ನಡ್ಕೊಂಡು ಹೋಗು.”

“ಯಾಕವ್ವಾ?”

“ಯಾಕೆ ಅಂದ್ರೆ, ಇನ್ನು ಮ್ಯಾಲೆ ಇದು ಅವಳದು. ನಿನ್ನ ಕಾರ್ಖಾನೆ ಕೂಗಳತೇಲಿದೆ. ಕಾಲು ಸವೆಯಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಬಾರವ್ವಾ ಇಲ್ಲಿ. ಇವತ್ತು ಹಿಡಿದ ವಿದ್ಯೆ ಯಾವತ್ತೂ ಕೈ ಬಿಡಲ್ಲ. ಇದನ್ನ ಹತ್ತೋದು ಕಲ್ತುಕೋ” ಎಂದರು.

ನನಗೆ ತಬ್ಬಿಬ್ಬಾಯಿತು. ಗಂಡಸರ ಸೈಕಲ್ಲು, ಎದೆಮಟ್ಟ, ನಡುವೆ ಆ ಅಡ್ಡಕಂಬಿ. “ಸೀರೇಲಿ ಆಗಲ್ಲ ಅತ್ತೆಮ್ಮ. ಅಲ್ದೆ ನೀವೇ ಹೇಳಿದ್ರಲ್ಲ, ಸೈಕಲ್ಲು ಇರೋಗಂಟ ಅಂತ.”

“ಇದೇನು ಎಮ್ಮೆನಾ? ಇದೂ ಸೈಕಲ್ಲೇ ತಾನೆ?” ಎಂದು ರೇಗಿದರು. ಮರುಕ್ಷಣ ಅವರ ಮುಖ ಸಣ್ಣದಾಯಿತು. “ಹಟ ಮಾಡಿ ನಿನ್ನ ಸೈಕಲ್ಲು ಕಳೆದೆ. ಕೆಲಸಾನೂ ಕಳೀಲಾ? ಅಷ್ಟು ಕಲ್ಲಲ್ಲ ನಾನು.”

ಹಾಗೆಂದವರು ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ ಸೀರೆ ಬಿಚ್ಚಿಸಿ ಕಚ್ಚೆ ಹಾಕಿ ಉಡಿಸಿದರು. ಅವರ ಕೈಗೆ ಅದು ಚೆನ್ನಾಗಿ ಗೊತ್ತಿತ್ತು. ಎಳೆದು, ಮಡಿಸಿ, ಹಿಂದೆ ಸಿಕ್ಕಿಸಿ, ಬೆನ್ನಿಗೊಂದು ಏಟು ಹಾಕಿದರು. “ಕೆಸರಲ್ಲಿ ನಾಟಿಗೆ ಇಳಿಯೋವಾಗ ನಾವೆಲ್ಲಾ ಹಿಂಗೇ ಉಡ್ತಿದ್ವು. ಬಿಚ್ಚೋಗಲ್ಲ.” ಹೊರಗೆ ಬಂದಾಗ ಪಕ್ಕದ ಮನೆಯಾಕೆ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತರು. ಅತ್ತೆ ಅಲ್ಲಿಂದಲೇ, “ಅನ್ನ ತಿನ್ನೋರು ಇದನ್ನ ನೋಡಿ ನಾಚ್ಕೋಬಾರದು ಕಣವ್ವ” ಎಂದರು. ಆ ನಾಲ್ಕು ಜನ ಯಾರೇ ಆಗಿರಲಿ, ಅವರ ವಿಷಯ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ರಜ ಮುಗಿಯುವ ತನಕ ಖಾಲಿ ಸೈಟುಗಳಲ್ಲಿ ನನ್ನ ವಿದ್ಯಾಭ್ಯಾಸ ನಡೆಯಿತು. ಎಡಗಾಲು ಪೆಡಲಿನ ಮೇಲೆ, ಬಲಗಾಲು ಹಿಂದಿನಿಂದ ಬೀಸಿ ಆಚೆಗೆ. ಹೇಳುವುದಕ್ಕೆ ಸುಲಭ. ಎಷ್ಟು ಸಲ ಸೈಟಿನ ಕಲ್ಲಿಗೆ ಗುದ್ದಿದೆನೋ, ಲಂಟಾನದಲ್ಲಿ ಬಿದ್ದೆನೋ, ಮೊಣಕಾಲಿಗೆ ಅರಿಶಿನ ಮೆತ್ತಿಸಿಕೊಂಡೆನೋ. ಬಿದ್ದರೆ ಕೆಲಸ ಮುಗಿಯಿತು ಎಂದಿದ್ದ ಅತ್ತೆ ನಾನು ಬಿದ್ದಾಗಲೆಲ್ಲ ಆಕಾಶ ನೋಡುತ್ತ, “ನಾನೇನೂ ನೋಡಲಿಲ್ಲ” ಎನ್ನುತ್ತಿದ್ದರು. ದಫೇದಾರರು ಬರೆದುಕೊಂಡದ್ದಕ್ಕೆ ಫಲ ಬರಲಿಲ್ಲ. ಹಸಿರು ಸೈಕಲ್ಲು ಸಿಗಲೇ ಇಲ್ಲ.

ಸ್ಕೂಲು ತೆರೆಯುವ ದಿನ ಬಂತು. ಖಾಲಿ ಸೈಟಿನಲ್ಲಿ ತುಳಿಯುವುದು ಬೇರೆ, ಜನ, ಗಾಡಿ, ಲಾರಿ ಇರುವ ಮಾಗಡಿ ರಸ್ತೆ ಬೇರೆ. ನಾನು ಎರಡೆರಡು ಸಲ ಬ್ರೇಕು ಹಿಡಿದು ನೋಡಿದೆ. ಅತ್ತೆ ಹಿಂದೆ ಕ್ಯಾರಿಯರ್ ಹಿಡಿದುಕೊಂಡರು. ನಾನು ಹತ್ತಿ ತುಳಿದೆ. ಸೈಕಲ್ಲು ಜಗ್ಗಲಿಲ್ಲ. ಇನ್ನೂ ಜೋರಾಗಿ ತುಳಿದೆ. ಹಿಂದೆ ನೋಡಿದರೆ ಅತ್ತೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ನೆಲಕ್ಕೆ ಕಾಲು ಊರಿ ನಿಂತಿದ್ದಾರೆ.

“ಬಿಡಿ ಅತ್ತೆಮ್ಮ! ಬಿಟ್ರೆ ತಾನೆ ಹೋಗೋದು?”

“ಒಂದ್ ಸಲ ಬಿಟ್ಟು ಕಳ್ಕೊಂಡಿದೀನಿ. ನೀನು ತುಳಿ, ನಾನೂ ಬತ್ತೀನಿ.”

ಬಂದೇ ಬಿಟ್ಟರು. ಕ್ಯಾರಿಯರ್ ಹಿಡಿದುಕೊಂಡು, ಸೆರಗು ಜಾರಿದ್ದನ್ನೂ ನೋಡದೆ, ಇಡೀ ಬಡಾವಣೆಯ ಕಣ್ಣೆದುರಿಗೆ ನನ್ನ ಹಿಂದೆ ಓಡಿದರು. ಕೆಲಸಕ್ಕೆ ಹೊರಟ ಗಂಡಸರು ನಿಂತು ನೋಡಿದರು. ನನಗೆ ನಗು ಬರುತ್ತಿತ್ತು, ನಾಚಿಕೆಯಾಗುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಆ ಹೆಂಗಸಿನ ಮೇಲೆ ಪ್ರೀತಿ ಉಕ್ಕುತ್ತಿತ್ತು. ಮಾಗಡಿ ರಸ್ತೆ ಸಿಕ್ಕಿದ ಮೇಲೆ ಅವರ ಉಸಿರು ಮುಗಿಯಿತು. ಕೈ ಸಡಿಲವಾದದ್ದು ನನಗೆ ತಿಳಿಯಿತು. ಸೈಕಲ್ಲು ಹಗುರವಾಗಿ ಮುಂದಕ್ಕೆ ಹೋಯಿತು. ಹಿಂದಿನಿಂದ ಅವರು ಏದುಸಿರು ಬಿಡುತ್ತ, ದಾರಿಹೋಕರಿಗೆಲ್ಲ ಕೇಳುವ ಹಾಗೆ ಕೂಗಿದರು.

“ಸೈಕಲ್ಲು ಹೋದ್ರೆ ಹಾಳಾಗೋಗ್ಲಿ ಕಣವ್ವಾ! ನೀನು ಮಾತ್ರ ಸಂಜೆಗೆ ಬಾ!”